ಹಾಲಿನ ಪಾತ್ರೆ ತೊಳೆಯುವ ಸಿಂಕ್ ಕಟ್ಟಿಕೊಂಡರೆ ಆಸಿಡ್ ಬೇಡ



ಬೆಳಗಿನ ಹಾಲನ್ನು ಸಂಘಕ್ಕೆ ಹಾಕಿ ಬಂದು ಕ್ಯಾನು, ಬಕೆಟ್ಟು, ಸೋಸುವ ಬಟ್ಟೆ ತೊಳೆಯಲು ನಿಲ್ಲುತ್ತೀರಿ. ಸಿಂಕಿನಲ್ಲಿ ನೀರು ಇಳಿಯುವುದೇ ಇಲ್ಲ. ನಿಂತ ಕೊಳೆ ನೀರಿನಲ್ಲೇ ಕ್ಯಾನು ತೊಳೆದರೆ ರೋಗಾಣುಗಳು ಪಾತ್ರೆಗೆ ಅಂಟುತ್ತವೆ. ಯಾದಗಿರಿ, ಶಹಾಪುರ, ಸುರಪುರ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಇಂಥ ಕ್ಯಾನಿನ ಹಾಲು ಸಂಘ ಮುಟ್ಟುವ ಮೊದಲೇ ಹುಳಿಯಾಗಬಹುದು. ಹಾಗಾಗಿ ಸಿಂಕಿನ ಪೈಪು ಸ್ವಚ್ಛವಾಗಿರುವುದಕ್ಕೂ ನಿಮ್ಮ ಹಾಲಿನ ಬಟವಾಡೆಗೂ ಸಂಬಂಧವಿದೆ.

ಆಸಿಡ್, ಕಾಸ್ಟಿಕ್ ಏಕೆ ಬೇಡ?

ಶೌಚಾಲಯ ತೊಳೆಯುವ ಆಸಿಡ್ ಸ್ಟೀಲ್ ಸಿಂಕನ್ನೂ ಸ್ಟೀಲ್ ಕ್ಯಾನನ್ನೂ ತಿನ್ನುತ್ತದೆ. ಹಾಲಿನ ಅಂಶಕ್ಕೆ ಹುಳಿ ತಗುಲಿದರೆ ಅದು ಒಡೆದು ಗಟ್ಟಿಯಾಗುತ್ತದೆ, ಪೈಪಿನಲ್ಲೂ ಅದೇ ಆಗುತ್ತದೆ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದೊಡನೆ ಬಿಸಿಯೇರುತ್ತದೆ. ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಇವೆರಡನ್ನೂ ಎಂದಿಗೂ ಕೂಡಿಸಬೇಡಿ.

ಕಟ್ಟಿಕೊಂಡದ್ದು ಏನು? ಮೊದಲು ಗುರುತಿಸಿ

ಜಿಡ್ಡು: ಎಮ್ಮೆ ಹಾಲಿನಲ್ಲಿ ಸಾಮಾನ್ಯವಾಗಿ ಶೇ. 6ರಿಂದ 8ರಷ್ಟು ಜಿಡ್ಡಿರುತ್ತದೆ. ಅದು ಕರಗುವುದು ಸುಮಾರು 32ರಿಂದ 35 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಹರಿದು ಹೋಗುವ ಕೆನೆ, ಬೆಣ್ಣೆ, ತುಪ್ಪ ಚಳಿಗಾಲದಲ್ಲಿ ಪೈಪಿನ ಒಳಗೆ ಹೆರೆತುಪ್ಪದಂತೆ ಅಂಟಿ ಕೂರುತ್ತವೆ. ಕೊಳವೆಬಾವಿಯ ಗಡಸು ನೀರಿಗೆ ಸಾಬೂನು ಸೇರಿದರೆ ಬಿಳಿ ಗಸಿಯೂ ಕೂಡಿಕೊಳ್ಳುತ್ತದೆ. ನೀರು ದಿನದಿಂದ ದಿನಕ್ಕೆ ನಿಧಾನವಾಗಿ ಇಳಿಯುತ್ತಿದ್ದರೆ ಕಾರಣ ಹೆಚ್ಚಾಗಿ ಜಿಡ್ಡೇ.

ಹಿಟ್ಟು: ರೊಟ್ಟಿ ಬಡಿದ ಪರಾತ ತೊಳೆದಾಗ ಜೋಳದ ಹಿಟ್ಟು ಪೈಪು ಸೇರುತ್ತದೆ. ಇದಕ್ಕೆ ಬಿಸಿನೀರು ಸುರಿಯಬೇಡಿ. ಒಲೆಯ ಮೇಲಿನ ಅಂಬಲಿಯಂತೆ ಪೈಪಿನಲ್ಲೇ ಬೆಂದು ಮಂದವಾಗುತ್ತದೆ. ಮೊದಲು ತಣ್ಣೀರು ಹಾಕಿ ಕೆದಕಿ ತೆಗೆಯಬೇಕು.

ಬೂದಿ, ಮಣ್ಣು: ಬೂದಿ ಹಚ್ಚಿ ಪಾತ್ರೆ ಬೆಳಗುವ ಮನೆಗಳಲ್ಲಿ ಬೂದಿಯೂ ಉಸುಕೂ ಪೈಪಿನ ಬಾಗಿನಲ್ಲಿ ಕೂರುತ್ತವೆ. ಇವು ಬಿಸಿನೀರಿಗೂ ಸೋಡಾಕ್ಕೂ ಕರಗುವುದಿಲ್ಲ. ಬಾಗನ್ನು ಬಿಚ್ಚಿಯೇ ತೆಗೆಯಬೇಕು.

ಹೀಗೆ ಮಾಡಿ

1. ನಿಂತ ನೀರನ್ನು ಚೊಂಬಿನಿಂದ ಎತ್ತಿ ಹಾಕಿ. ಸಿಂಕಿನಲ್ಲಿ ಎರಡು ಇಂಚು ನೀರು ಮಾತ್ರ ಉಳಿಯಲಿ.

2. ಕಟ್ಟಿಗೆ ಹಿಡಿಕೆಯ ರಬ್ಬರ್ ಪಂಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತೂತಿನ ಮೇಲೆ ಬಿಗಿಯಾಗಿ ಕೂರಿಸಿ 15ರಿಂದ 20 ಸಲ ಒತ್ತಿ ಎತ್ತಿ. ಸಿಂಕಿಗೆ ಇನ್ನೊಂದು ತೂತಿದ್ದರೆ ಹಸಿ ಬಟ್ಟೆಯಿಂದ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಗಾಳಿ ಅಲ್ಲಿಂದ ಹೋಗುತ್ತದೆ.

3. ಆಗಲೂ ಬಿಡದಿದ್ದರೆ ಸಿಂಕಿನ ಕೆಳಗಿನ ಬಾಗು ಅಥವಾ ಬಾಟಲಿಯಂಥ ಟ್ರ್ಯಾಪನ್ನು ಬಿಚ್ಚಿ. ಕೆಳಗೆ ಬಕೆಟ್ ಇಟ್ಟು ಕೈಯಿಂದಲೇ ತಿರುಗಿಸಿ. ಒಳಗಿನ ಕಸ ತೆಗೆದು, ಹಳೆಯ ಬ್ರಷ್‌ನಿಂದ ಉಜ್ಜಿ, ವಾಷರ್ ಸರಿಯಾಗಿ ಕೂರಿಸಿ ಮತ್ತೆ ಬಿಗಿ ಮಾಡಿ. ಮನೆಯಲ್ಲಿ ಯಾರಾದರೂ ಮೊದಲೇ ಆಸಿಡ್ ಅಥವಾ ಕಾಸ್ಟಿಕ್ ಸುರಿದಿದ್ದರೆ ಪಂಪನ್ನೂ ಒತ್ತಬೇಡಿ, ಟ್ರ್ಯಾಪನ್ನೂ ಬಿಚ್ಚಬೇಡಿ. ಕೊಳಾಯಿ ಕೆಲಸದವರನ್ನು ಕರೆದು ಏನು ಹಾಕಿದ್ದೀರಿ ಎಂದು ತಿಳಿಸಿ.

4. ಕಸ ಇನ್ನೂ ಮುಂದೆ ಇದ್ದರೆ ಸೈಕಲ್ಲಿನ ಹಳೆಯ ಬ್ರೇಕ್ ತಂತಿಯನ್ನು ಪೈಪಿನೊಳಗೆ ತೂರಿಸಿ ತಿರುಗಿಸುತ್ತಾ ಎಳೆಯಿರಿ. ಹೊರಗೆ ಗಟಾರಿಗೆ ಬೀಳುವ ತುದಿಯನ್ನೂ ನೋಡಿ.

5. ನೀರು ಇಳಿಯತೊಡಗಿದ ಮೇಲೆ, ಉಳಿದ ಜಿಡ್ಡಿಗೆ 2 ಲೀಟರ್ ಬಿಸಿನೀರಿನಲ್ಲಿ 2 ಚಮಚ ಬಟ್ಟೆ ಸೋಡಾ ಕರಗಿಸಿ ನಿಧಾನವಾಗಿ ಸುರಿಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಬಿಸಿನೀರು ಹಾಕಿ. ಕುದಿಯುವ ನೀರು ಬೇಡ. ಪಿವಿಸಿ ಪೈಪು ಮೆತ್ತಗಾಗಿ ಜೋಡಣೆ ಸಡಿಲವಾಗುತ್ತದೆ.

ಅಡುಗೆ ಸೋಡಾ, ನಿಂಬೆರಸ ಕೂಡಿಸಿ ಸುರಿಯಿರಿ ಎಂದು ಕೆಲವರು ಹೇಳುತ್ತಾರೆ. ನೊರೆ ಬುಸುಗುಟ್ಟುವುದು ನಿಜ. ಆದರೆ ಹುಳಿಯೂ ಸೋಡಾವೂ ಒಂದರ ಶಕ್ತಿಯನ್ನು ಇನ್ನೊಂದು ಕಳೆದುಬಿಡುತ್ತವೆ. ಜಿಡ್ಡು ಇದ್ದಲ್ಲೇ ಇರುತ್ತದೆ.

ಹಾಲು ಕರೆಯುವ ಮೊದಲು

ಮೋರಿಗೆ ಹಾಕಿದ ಕೈಯನ್ನು ಮೊಣಕೈವರೆಗೆ ಸಾಬೂನಿನಿಂದ ತೊಳೆಯದೆ ಕೆಚ್ಚಲು ಮುಟ್ಟಬೇಡಿ. ಕೊಳಕು ಕೈಯಿಂದ ಕೆಚ್ಚಲು ಬಾವು ಬರಬಹುದು. ಪಂಪು, ತಂತಿ, ಬ್ರಷ್, ಬಕೆಟ್ಟುಗಳನ್ನು ಹಾಲಿನ ಪಾತ್ರೆಗಳಿಂದ ದೂರ ಬೇರೆಯಾಗಿಯೇ ಇಡಿ. ಸೋಡಾದಿಂದ ಕ್ಯಾನು ತೊಳೆದರೆ ಶುದ್ಧ ನೀರಿನಿಂದ ಎರಡು ಮೂರು ಸಲ ಜಾಲಿಸಿ ಬೋರಲು ಹಾಕಿ ಒಣಗಿಸಿ. ಸೋಡಾ ಉಳಿದರೆ ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಹಾಲು ಗುಲಾಬಿ ಕೆಂಪಾಗಬಹುದು. ಹುಳಿ ಮುಚ್ಚಿಡಲು ಸೋಡಾ ಬೆರೆಸಿದ್ದೀರಿ ಎಂಬ ಅನುಮಾನ ತಪ್ಪು ಮಾಡದ ನಿಮ್ಮ ಮೇಲೆ ಬರುವುದು ಬೇಡ.

ಮತ್ತೆ ಕಟ್ಟದಂತೆ

• ಕ್ಯಾನನ್ನು ಮೊದಲು ತಣ್ಣೀರಿನಲ್ಲಿ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಜಾಲಿಸಿ, ಆ ನೀರನ್ನು ತಿಪ್ಪೆಗೆ ಹಾಕಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಪಾತ್ರೆಗೆ ಕಚ್ಚಿಕೊಳ್ಳುತ್ತದೆ.
• ತುಪ್ಪ ಕಾಸಿದ ಪಾತ್ರೆಯನ್ನು ಕಾಗದದಿಂದ ಒರೆಸಿಯೇ ಸಿಂಕಿಗೆ ಇಡಿ.
• ಪರಾತದ ಹಿಟ್ಟಿನ ನೀರು ಎಮ್ಮೆಯ ಮುಸುರೆಗೆ ಹೋಗಲಿ. ಅದಕ್ಕೆ ಸಾಬೂನು, ಸೋಡಾ ಸೇರಿರಬಾರದು.
• ಬೂದಿಯಿಂದ ಬೆಳಗುವ ಪಾತ್ರೆಯನ್ನು ಅಂಗಳದಲ್ಲೇ ಬೆಳಗಿ.
• ಸಿಂಕಿನ ತೂತಿಗೆ ಜಾಲರಿ ಇಡಿ. ವಾರಕ್ಕೊಮ್ಮೆ, ಚಳಿಗಾಲದಲ್ಲಿ ಎರಡು ಸಲ, ಬಟ್ಟೆ ಸೋಡಾದ ಬಿಸಿನೀರು ಹಾಕಿ.

ನೆನಪಿಡಿ: ಜಿಡ್ಡಿಗೆ ಬಿಸಿನೀರು, ಹಿಟ್ಟಿಗೆ ತಣ್ಣೀರು, ಬೂದಿಗೆ ಬಿಚ್ಚಿ ತೆಗೆಯುವುದು. ಮನೆಯಲ್ಲಿ ಆಸಿಡ್ ಬಾಟಲಿ ಇದ್ದರೆ ಮಕ್ಕಳ ಕೈಗೆ ಸಿಗದಂತೆ, ಹಾಲಿನ ಪಾತ್ರೆಗಳ ಹತ್ತಿರ ಬಾರದಂತೆ ಇಡಿ. ಅದು ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.