ಮಾರ್ಗಳಿಯ ಚೆನ್ನೈ: ಕಡಿಮೆ ವೆಚ್ಚದ ಕಲಾಪ್ರವಾಸ

ಪಾಠದ ಆಶಯ

ಹೊಸೂರು, ತಾಳವಾಡಿ ಹಾಗೂ ನೀಲಗಿರಿಯ ಕನ್ನಡ ಮಕ್ಕಳ ಪಾಲಿಗೆ ರಾಜಧಾನಿ ಚೆನ್ನೈ ದೂರದ ಊರು. ಅಲ್ಲಿ ತಮ್ಮ ನುಡಿಗೆ ಸ್ಥಾನವಿಲ್ಲ, ಅಲ್ಲಿನ ದೊಡ್ಡ ಸಭಾಂಗಣಗಳಿಗೆ ಹೋಗಲು ಹಣಬೇಕು ಎಂಬ ಎರಡು ಭಾವನೆಗಳು ಅನೇಕ ಮಕ್ಕಳಲ್ಲಿ ಮಾತ್ರವಲ್ಲ, ಪೋಷಕರಲ್ಲಿಯೂ ಇರುತ್ತವೆ. ಚಳಿಗಾಲದ ಸಂಗೀತೋತ್ಸವವನ್ನು ಹತ್ತಿರದಿಂದ ಕಂಡಾಗ ಈ ಎರಡೂ ಪೂರ್ತಿ ನಿಜವಲ್ಲವೆಂದು ತಿಳಿಯುತ್ತದೆ. ಉತ್ಸವದ ಸ್ವರೂಪವನ್ನು ಪರಿಚಯಿಸಿ, ವೆಚ್ಚವಿಲ್ಲದೆ ಅಥವಾ ಅಲ್ಪವೆಚ್ಚದಲ್ಲಿ ಅದರಲ್ಲಿ ಪಾಲ್ಗೊಳ್ಳಲು ಮಕ್ಕಳನ್ನು ಸಿದ್ಧಗೊಳಿಸುವುದು ಈ ಪಾಠದ ಉದ್ದೇಶ.

ಉತ್ಸವದ ಹಿನ್ನೆಲೆ

ತಮಿಳರ ಮಾರ್ಗಳಿ ತಿಂಗಳೇ ಕನ್ನಡಿಗರ ಧನುರ್ಮಾಸ. ಅದು ಡಿಸೆಂಬರ್ ನಡುವಿನಲ್ಲಿ ಆರಂಭವಾಗಿ ಸಂಕ್ರಾಂತಿಗೆ ಮುಗಿಯುತ್ತದೆ. ಹಿಂಗಾರು ಮಳೆಯ ಅಬ್ಬರ ಇಳಿದು ಚೆನ್ನೈಯ ಹವೆ ಹಿತವಾಗುವ ಕಾಲವದು.

1927ರ ಡಿಸೆಂಬರಿನಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರೊಡನೆ ಸಂಗೀತ ಸಮ್ಮೇಳನವೂ ಸೇರಿತು. ಅದರ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಸ್ಥಾಪನೆಗೊಂಡಿತು. ಅದಕ್ಕೂ ಮೊದಲೇ, 1900ರಲ್ಲಿ, ತಿರುವಲ್ಲಿಕ್ಕೇಣಿಯಲ್ಲಿ ಪಾರ್ಥಸಾರಥಿ ಸ್ವಾಮಿ ಸಭೆ ಹುಟ್ಟಿಕೊಂಡಿತ್ತು. ಮುಂದೆ ಮೈಲಾಪುರ, ತ್ಯಾಗರಾಯನಗರ ಮೊದಲಾದ ಬಡಾವಣೆಗಳಲ್ಲಿಯೂ ಸಭೆಗಳು ಬೆಳೆದವು. ಇವು ಸಂಗೀತದ ಜೊತೆಗೆ ನೃತ್ಯ, ನಾಟಕಗಳನ್ನೂ ಏರ್ಪಡಿಸುತ್ತ ಬಂದಿವೆ. 2017ರಲ್ಲಿ ಯುನೆಸ್ಕೋ ಸಂಸ್ಥೆಯು ಚೆನ್ನೈಯನ್ನು ಸಂಗೀತಕ್ಕಾಗಿ ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು.

ಟಿಕೆಟ್ ಇಲ್ಲದ ಹೊತ್ತುಗಳು

ಸಭೆಯ ದಿನಚರಿಯನ್ನು ತಿಳಿದವರಿಗೆ ಹಣದ ಚಿಂತೆ ಕಡಿಮೆ. ಸಂಜೆ ಖ್ಯಾತ ಕಲಾವಿದರು ಹಾಡುತ್ತಾರೆ. ಆ ಹೊತ್ತಿಗೆ ಟಿಕೆಟ್ ಬೇಕು, ಮುಂದಿನ ಸಾಲುಗಳ ದರವೂ ಹೆಚ್ಚು. ಆದರೆ ಹಲವು ಸಭೆಗಳಲ್ಲಿ ಮಧ್ಯಾಹ್ನದ ಕಚೇರಿಗಳಿಗೆ ಪ್ರವೇಶ ಉಚಿತ. ಅಲ್ಲಿ ಹಾಡುವವರು ಬೆಳೆಯುತ್ತಿರುವ ಯುವ ಕಲಾವಿದರು. ಮೊದಲು ಬಂದವರಿಗೆ ಮುಂದಿನ ಆಸನ. ಮ್ಯೂಸಿಕ್ ಅಕಾಡೆಮಿಯಲ್ಲಿ ಬೆಳಗಿನ ಹೊತ್ತು ವಿದ್ವಾಂಸರು ಸೋದಾಹರಣ ಉಪನ್ಯಾಸ ನೀಡುತ್ತಾರೆ, ಅದಕ್ಕೂ ಶುಲ್ಕವಿಲ್ಲ. ಮೇಲಿನ ತರಗತಿಯ ಮಕ್ಕಳಿಗೆ ಇದು ಒಳ್ಳೆಯ ಪಾಠಶಾಲೆ.

ಪೊಂಗಲ್ ಹಬ್ಬದ ಸುಮಾರಿಗೆ ನಡೆಯುವ ಚೆನ್ನೈ ಸಂಗಮಂ ಉತ್ಸವ 2007ರಲ್ಲಿ ಆರಂಭವಾಯಿತು. ಕೆಲವು ವರ್ಷ ನಿಂತು 2023ರಲ್ಲಿ ಮತ್ತೆ ಚಾಲನೆ ಪಡೆಯಿತು. ಉದ್ಯಾನ, ಮೈದಾನ, ಕಡಲತೀರಗಳೇ ಇದರ ವೇದಿಕೆ. ಕರಗಾಟ್ಟಂ, ಒಯಿಲಾಟ್ಟಂ, ಪರೈ ಮುಂತಾದ ಜನಪದ ಕಲೆಗಳನ್ನು ಇಲ್ಲಿ ಯಾರು ಬೇಕಾದರೂ ನಿಂತು ನೋಡಬಹುದು.

ರಂಗಪ್ರದರ್ಶನದ ಆಸಕ್ತರಿಗೆ ತಿರುವಾನ್ಮಿಯೂರಿನ ಕಲಾಕ್ಷೇತ್ರವಿದೆ. ರುಕ್ಮಿಣಿದೇವಿ ಅರುಂಡೇಲ್ 1936ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಕಲೋತ್ಸವ ಡಿಸೆಂಬರ್ ಕೊನೆಯ ಭಾಗದಲ್ಲಿ ನಡೆಯುತ್ತದೆ. ಕೇರಳದ ಕೂತಂಬಲದ ಮಾದರಿಯಲ್ಲಿ ಕಟ್ಟಿದ ಅಲ್ಲಿನ ರಂಗಮಂದಿರವೇ ನೋಡತಕ್ಕದ್ದು. ಟಿಕೆಟ್ ದರವನ್ನು ಆಯಾ ವರ್ಷ ವಿಚಾರಿಸಿ ತಿಳಿಯಬೇಕು.

ಬಾಗಿಲು ಮತ್ತು ಹಿಂಜರಿಕೆ

ಟಿಕೆಟ್ ಇಲ್ಲವೆಂದ ಮಾತ್ರಕ್ಕೆ ಬಾಗಿಲು ತನಗಾಗಿ ತೆರೆದಿದೆಯೆಂದು ಮಗುವಿಗೆ ಅನ್ನಿಸುವುದಿಲ್ಲ. ರೇಷ್ಮೆ ಸೀರೆ, ತಲೆದೂಗುವ ಹಿರಿಯರು, ತಿಳಿಯದ ಸಂಪ್ರದಾಯಗಳು ಇವೆಲ್ಲ ಅದನ್ನು ಹೊಸ್ತಿಲಲ್ಲೇ ನಿಲ್ಲಿಸಬಲ್ಲವು. ಈ ಹಿಂಜರಿಕೆ ಮಕ್ಕಳದ್ದು ಮಾತ್ರವಲ್ಲ. ಸಭೆಗಳ ಶ್ರೋತೃವರ್ಗ ಸಮಾಜದ ಕೆಲವೇ ವರ್ಗಗಳಿಗೆ ಸೀಮಿತವಾಗಿದೆ ಎಂಬ ವಿಮರ್ಶೆ ಚೆನ್ನೈಯಲ್ಲಿಯೇ ಕೇಳಿಬಂದಿದೆ. ಗಾಯಕ ಟಿ. ಎಂ. ಕೃಷ್ಣ ಮೊದಲಾದವರು ಬೆಸೆಂಟ್ ನಗರದ ಬಳಿಯ ಊರೂರ್ ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ನೆಲೆಯಲ್ಲಿ, ಅಲ್ಲಿನ ಜನರೊಡನೆ ಸೇರಿ, 2015ರಲ್ಲಿ ಉತ್ಸವವೊಂದನ್ನು ಆರಂಭಿಸಿದರು. ಶಾಸ್ತ್ರೀಯ ಸಂಗೀತ, ಭರತನಾಟ್ಯ, ಪರೈ ವಾದನ ಒಂದೇ ಬಯಲಿನಲ್ಲಿ ನಡೆದವು. ಕಲೆ ಯಾರ ಬಳಿಗೆ ಹೋಗಬೇಕು, ಯಾರು ಕಲೆಯ ಬಳಿಗೆ ಬರಬೇಕು ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚಿಸಲು ಇದು ತಕ್ಕ ಉದಾಹರಣೆ.

ಹಿಂದಿನ ಸಾಲಿನವರನ್ನು ನೆನೆದ ಕಲಾವಿದರೂ ಇದ್ದಾರೆ. ತಿರುಮಕೂಡಲು ಚೌಡಯ್ಯನವರು ಧ್ವನಿವರ್ಧಕಗಳು ಸಾಮಾನ್ಯವಾಗದ ಕಾಲದಲ್ಲಿ, ದೂರ ಕುಳಿತವರಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿದರು. ಅವರಿಗೆ ಮ್ಯೂಸಿಕ್ ಅಕಾಡೆಮಿ 1957ರಲ್ಲಿ ಸಂಗೀತ ಕಲಾನಿಧಿ ಬಿರುದನ್ನಿತ್ತು ಗೌರವಿಸಿತು.

ಸಭೆಯಲ್ಲಿ ಕನ್ನಡ

ಕರ್ನಾಟಕ ಸಂಗೀತದ ಒಂದೇ ಕಚೇರಿಯಲ್ಲಿ ತೆಲುಗು, ಸಂಸ್ಕೃತ, ತಮಿಳು, ಕನ್ನಡಗಳು ಜೊತೆಯಾಗಿ ಕೇಳಿಸಬಹುದು. ಎರಡು ಮೂರು ನುಡಿಗಳ ನಡುವೆ ಬೆಳೆಯುವ ಗಡಿನಾಡಿನ ಮಗುವಿಗೆ ಇದು ಅಪರಿಚಿತ ಲೋಕವಲ್ಲ. ಸಂಗೀತದ ಮೊದಲ ಪಾಠವಾದ ಸರಳೆ ವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ರೂಪಿಸಿದವರು ಪುರಂದರದಾಸರೆಂಬುದು ಸಂಪ್ರದಾಯದ ನಂಬಿಕೆ. ಚೆನ್ನೈಯ ವಿದ್ಯಾರ್ಥಿಯೂ ಅಲ್ಲಿಂದಲೇ ಆರಂಭಿಸುತ್ತಾನೆ. ದಾಸರ ಪದಗಳನ್ನು ಕಚೇರಿಗಳಲ್ಲಿ ಹಾಡಿ ಜನಪ್ರಿಯಗೊಳಿಸಿದವರಲ್ಲಿ ಎಂ. ಎಲ್. ವಸಂತಕುಮಾರಿಯವರು ಪ್ರಮುಖರು. ಮೈಸೂರು ವಾಸುದೇವಾಚಾರ್ಯರು 1935ರ ಅಕಾಡೆಮಿ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಇಳಿವಯಸ್ಸಿನಲ್ಲಿ ಕಲಾಕ್ಷೇತ್ರದಲ್ಲಿ ನೆಲೆಸಿ ಅಲ್ಲಿನ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ರಚಿಸಿದರು.

ದೇವರನಾಮ ಯಾವಾಗ ಬರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ಕಚೇರಿ ಸಾಮಾನ್ಯವಾಗಿ ವರ್ಣ ಅಥವಾ ಚಿಕ್ಕ ಕೃತಿಯಿಂದ ತೊಡಗಿ, ರಾಗವಿಸ್ತಾರವುಳ್ಳ ಪ್ರಧಾನ ಕೃತಿಗೆ ಬೆಳೆಯುತ್ತದೆ. ಅದರೊಳಗೆ ಮೃದಂಗವಾದಕರ ತನಿ ಆವರ್ತನವಿರುತ್ತದೆ. ಆ ಹೊತ್ತಿಗೆ ಎದ್ದು ಉಪಾಹಾರದ ಕಡೆ ನಡೆಯುವವರು ಉಂಟು. ತನಿಯ ಬಳಿಕವೇ ಚಿಕ್ಕ ರಚನೆಗಳ ಸರದಿ. ದೇವರನಾಮಗಳು ಹೆಚ್ಚಾಗಿ ಬರುವುದು ಅಲ್ಲಿಯೇ. ಆದ್ದರಿಂದ ತನಿಯ ಹೊತ್ತಿಗೆ ಎದ್ದುಹೋದವರು ಲಯದ ಸೊಗಸನ್ನಷ್ಟೇ ಅಲ್ಲ, ಕನ್ನಡವನ್ನೂ ಕಳೆದುಕೊಳ್ಳಬಹುದು.

ಪೂರ್ವಸಿದ್ಧತೆ

ಪ್ರವಾಸಕ್ಕೆ ಎರಡು ವಾರ ಮೊದಲೇ ಆದಿತಾಳವನ್ನು ಕಲಿಸಬಹುದು. ತೊಡೆಯ ಮೇಲೆ ಅಂಗೈಯ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಮತ್ತೊಂದು ಪೆಟ್ಟು, ಅಂಗೈಯನ್ನು ಮೇಲಾಗಿ ತಿರುಗಿಸುವುದು, ಪುನಃ ಪೆಟ್ಟು, ಪುನಃ ತಿರುಗಿಸುವುದು: ಹೀಗೆ ಎಂಟು ಎಣಿಕೆ. ಸಭೆಯಲ್ಲಿ ಅಕ್ಕಪಕ್ಕದವರ ಕೈಯೂ ಅದೇ ಎಣಿಕೆ ಹಾಕುವುದನ್ನು ಕಂಡಾಗ ಮಗುವಿನ ಅಳುಕು ತಾನಾಗಿ ಇಳಿಯುತ್ತದೆ.

ಹೊಸೂರಿನಿಂದ ಚೆನ್ನೈಗೆ ಸುಮಾರು 300 ಕಿಲೋಮೀಟರ್. ಅರ್ಧವಾರ್ಷಿಕ ಪರೀಕ್ಷೆಯ ನಂತರದ ರಜೆ ಉತ್ಸವದ ನಡುವೆಯೇ ಬರುವುದರಿಂದ ಪಾಠಗಳಿಗೆ ಅಡ್ಡಿಯಾಗದು. ನಗರದೊಳಗೆ ಸಾಧಾರಣ ದರದ ಬಸ್ಸುಗಳಲ್ಲಿ 2021ರಿಂದ ಮಹಿಳೆಯರಿಗೆ ಪ್ರಯಾಣ ಉಚಿತ. ಮೈಲಾಪುರಕ್ಕೆ ರೈಲೂ ಉಂಟು. ನಿಲ್ದಾಣದ ಹೆಸರು ತಿರುಮಯಿಲೈ. ಒಂದೇ ಬಡಾವಣೆಯ ಎರಡು ಸಭೆಗಳನ್ನು ಆರಿಸಿಕೊಂಡರೆ ಓಡಾಟದ ಖರ್ಚು, ದಣಿವು ಎರಡೂ ತಗ್ಗುತ್ತವೆ. ಬುತ್ತಿಯನ್ನು ಕಟ್ಟಿಕೊಂಡು ಹೋಗುವುದು ಒಳಿತು. ಆದರೂ ಸಭೆಯ ಆವರಣದ ಕ್ಯಾಂಟೀನಿನಲ್ಲಿ ಒಂದು ಲೋಟ ಕಾಫಿಯ ಅನುಭವವನ್ನು ತಪ್ಪಿಸಬೇಕಾಗಿಲ್ಲ.

ಪದಗಳ ಅರ್ಥ

ಕಚೇರಿ: ಇಲ್ಲಿ, ಸಂಗೀತ ಸಭೆಯಲ್ಲಿನ ಗಾಯನ ಅಥವಾ ವಾದನ ಕಾರ್ಯಕ್ರಮ.
ಸೋದಾಹರಣ ಉಪನ್ಯಾಸ: ಹಾಡಿ ಅಥವಾ ನುಡಿಸಿ ತೋರಿಸುತ್ತ ನೀಡುವ ಉಪನ್ಯಾಸ.
ತನಿ ಆವರ್ತನ: ತಾಳವಾದ್ಯದವರು ಮಾತ್ರ ನುಡಿಸುವ ಭಾಗ.
ದೇವರನಾಮ: ಹರಿದಾಸರು ಕನ್ನಡದಲ್ಲಿ ರಚಿಸಿದ ಭಕ್ತಿಗೀತೆ.

ಅಭ್ಯಾಸ

1. ಮ್ಯೂಸಿಕ್ ಅಕಾಡೆಮಿಯ ಹುಟ್ಟಿಗೆ ಕಾರಣವಾದ ಸಂದರ್ಭ ಯಾವುದು?
2. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿದ್ದೇಕೆ?
3. ಉಚಿತ ಪ್ರವೇಶವಿದ್ದರೂ ಕೆಲವರು ಸಭೆಗೆ ಹೋಗಲು ಹಿಂಜರಿಯುವುದೇಕೆ? ಗುಂಪಿನಲ್ಲಿ ಚರ್ಚಿಸಿ.
4. ಹತ್ತು ಮಂದಿಯ ಎರಡು ದಿನಗಳ ಪ್ರವಾಸಕ್ಕೆ ಖರ್ಚಿನ ಅಂದಾಜು ಪಟ್ಟಿ ತಯಾರಿಸಿ.
5. ಮನೆಯ ಹಿರಿಯರಿಂದ ಒಂದು ದೇವರನಾಮವನ್ನೋ ಜನಪದ ಗೀತೆಯನ್ನೋ ಕೇಳಿ ಬರೆದುಕೊಂಡು ತರಗತಿಯಲ್ಲಿ ಹಾಡಿ.

ಶಿಕ್ಷಕರಿಗೆ ಸೂಚನೆ

ಕಚೇರಿ ಮುಗಿದ ಮೇಲೆ ಯಾವ ರಾಗ, ಯಾವ ತಾಳ ಎಂದು ಮೊದಲು ಕೇಳಬಾರದು. ಯಾವ ಮಾತು ಅರ್ಥವಾಯಿತು ಎಂದು ಕೇಳಬೇಕು. ಕನ್ನಡದ ಒಂದು ಸಾಲನ್ನು ಗುರುತಿಸಿದ ಮಗುವನ್ನು ಅದರ ಅರ್ಥವನ್ನು ತಮಿಳು ಗೆಳೆಯರಿಗೆ ವಿವರಿಸಲು ಪ್ರೋತ್ಸಾಹಿಸಬೇಕು. ಮನೆಯಲ್ಲಿ ಆಡುವ ನುಡಿ ದೊಡ್ಡ ನಗರದ ದೊಡ್ಡ ಸಭೆಯಲ್ಲಿಯೂ ಬೆಲೆಯುಳ್ಳದ್ದೆಂಬುದನ್ನು ಆ ವಿವರಣೆಯಲ್ಲಿ ಮಗು ತಾನೇ ಕಂಡುಕೊಳ್ಳುತ್ತದೆ.