ಆಸ್ಪತ್ರೆಯಲ್ಲಿ ಕನ್ನಡದ ದುಭಾಷಿಯನ್ನು ಕೇಳಿ ಪಡೆಯಿರಿ

ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಾ? ಮನೆ, ಶಾಲೆ, ಡ್ರೈವಿಂಗ್ ಲೈಸೆನ್ಸ್ ಎಂಬ ಓಡಾಟದ ನಡುವೆ ಒಂದು ಸಂಗತಿಯನ್ನು ಮರೆಯಬೇಡಿ: ಇಂಗ್ಲಿಷ್ ಸಲೀಸಾಗಿ ಬಾರದವರು ಆಸ್ಪತ್ರೆಯಲ್ಲಿ ದುಭಾಷಿಯ ನೆರವನ್ನು ಉಚಿತವಾಗಿ ಕೇಳಬಹುದು. ಅದು ಅವರ ಹಕ್ಕು.

1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 2010ರ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಸೆಕ್ಷನ್ ಇದಕ್ಕೆ ಆಧಾರ. ಮೆಡಿಕೇಡ್‌ನಂಥ ಫೆಡರಲ್ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಇವನ್ನು ಪಾಲಿಸಲೇಬೇಕು. ಊರಿನಿಂದ ಬಂದಿರುವ ಅಪ್ಪ-ಅಮ್ಮನಿಗಾಗಿಯೂ ಕೇಳಿ.

"ಮಗ ಇದ್ದಾನಲ್ಲ, ಅವನೇ ಹೇಳ್ತಾನೆ ಬಿಡಿ" ಎನ್ನುವುದು ನಮ್ಮ ಅಮ್ಮಂದಿರ ರೂಢಿ. ಆದರೆ ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದೆ ಎಂದು ಮಗನೆದುರು ಬಾಯಿಬಿಡುವ ತಾಯಿ ಎಷ್ಟು ಜನ? "ಯಾಕೋ ಸುಸ್ತು" ಎಂದಷ್ಟೇ ಹೇಳುತ್ತಾರೆ. ಡಾಕ್ಟರು ಸುಸ್ತಿಗೆ ಮದ್ದು ಬರೆಯುತ್ತಾರೆ. ಗರ್ಭಕೋಶದ ತಪಾಸಣೆ ಮುಂದಕ್ಕೆ ಹೋಗುತ್ತದೆ. ಇನ್ನು ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ದುಭಾಷಿಗಳಾಗಿ ಬಳಸುವುದನ್ನು, ತೀರಾ ತುರ್ತಿನ ಹೊರತು, ನಿಯಮವೇ ಒಪ್ಪುವುದಿಲ್ಲ.

ಹೀಗೆ ಮಾಡಿ:

• ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ಕನ್ನಡ ಇಂಟರ್‌ಪ್ರಿಟರ್ ಬೇಕು" ಎಂದು ಹೇಳಿ, ರೋಗಿಯ ದಾಖಲೆಯಲ್ಲಿ ಬರೆಸಿ.

• ಭಾರತದವರೆಂದು ಹಿಂದಿ ದುಭಾಷಿಯನ್ನು ಕರೆಸಹೊರಟರೆ, ನಯವಾಗಿಯೇ ಬೇಡವೆನ್ನಿ. ಭಾಷೆಯ ಹೆಸರನ್ನು ಅಕ್ಷರ ಬಿಡಿಸಿ ಹೇಳಿ.

• ದುಭಾಷಿ ಹೆಚ್ಚಾಗಿ ಫೋನ್ ಅಥವಾ ವಿಡಿಯೊದಲ್ಲಿ ಸಿಗುತ್ತಾರೆ. ಡಾಕ್ಟರ ಕಡೆ ನೋಡಿ ಮಾತಾಡಿ. ಎರಡು ಮಾತಿಗೊಮ್ಮೆ ನಿಲ್ಲಿಸಿ. ಕೇಳಿದ್ದನ್ನು ದುಭಾಷಿ ಗುಟ್ಟಾಗಿಡಬೇಕು, ಸಂಕೋಚ ಬೇಡ.

• ಅರ್ಥವಾಗದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ದುಭಾಷಿಯಿಂದ ವಿವರ ಕೇಳಿಕೊಳ್ಳಿ.

• ತುರ್ತು ಸಂದರ್ಭದಲ್ಲಿ 911ಕ್ಕೆ ಕರೆ ಮಾಡಿ, "ಆಂಬುಲೆನ್ಸ್" ಎಂದು ಹೇಳಿ ವಿಳಾಸ ಕೊಡಿ, ಆಮೇಲೆ ಭಾಷೆಯ ಹೆಸರು ಹೇಳಿ. ಮನೆಯ ವಿಳಾಸವನ್ನು ಹಿರಿಯರಿಗೆ ಬಾಯಿಪಾಠ ಮಾಡಿಸಿ, ಫ್ರಿಜ್ ಮೇಲೆ ಅಂಟಿಸಿಡಿ.

ಆಸ್ಪತ್ರೆಗಷ್ಟೇ ಇದು ಸೀಮಿತವಲ್ಲ. ಸೋಷಿಯಲ್ ಸೆಕ್ಯುರಿಟಿ ಕಚೇರಿಯೂ ದುಭಾಷಿಯನ್ನು ಉಚಿತವಾಗಿ ಒದಗಿಸುತ್ತದೆ.

ದುಭಾಷಿಯನ್ನು ಕೊಡಲು ನಿರಾಕರಿಸಿದರೆ ಮೊದಲು ರೋಗಿಗಳ ಅಹವಾಲು ಕೇಳುವ, ಆಸ್ಪತ್ರೆಯ ಪೇಷೆಂಟ್ ಅಡ್ವೊಕೇಟ್ ಅವರನ್ನು ಕಾಣಿ. ಅಲ್ಲೂ ಬಗೆಹರಿಯದಿದ್ದರೆ ಫೆಡರಲ್ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನದೊಳಗೆ ದೂರು ಕೊಡಬಹುದು. ದಿನಾಂಕ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ.

ಕೇಳುವವರಿಲ್ಲದಿದ್ದರೆ ಕನ್ನಡಕ್ಕೆ ಬೇಡಿಕೆಯೇ ಇಲ್ಲವೆಂದು ಆಸ್ಪತ್ರೆಗಳು ಭಾವಿಸುತ್ತವೆ. ನಿಮಗೆ ಇಂಗ್ಲಿಷ್ ಚೆನ್ನಾಗಿ ಬಂದರೂ ಮನೆಯ ಹಿರಿಯರ ಪರವಾಗಿ ದಯವಿಟ್ಟು ಕೇಳಿ. ನಿಮ್ಮ ಹಿಂದೆ ಬರುವ ಕನ್ನಡದ ಕುಟುಂಬಕ್ಕೂ ಅದರಿಂದ ದಾರಿ ಸುಗಮವಾಗುತ್ತದೆ.