ಕಡಿಮೆ ದುಡ್ಡಿಗೆ ಪ್ರೂಫ್ ನಾಣ್ಯ

ನಾಣ್ಯ ಸಂಗ್ರಹದ ಹುಚ್ಚು ಹಿಡಿದ ಮೊದಲ ವರ್ಷವೇ ನಾನು ಮೋಸ ಹೋದೆ. ಫುಟ್‌ಪಾತಿನಲ್ಲಿ ಫಳಫಳ ಹೊಳೆಯುತ್ತಿದ್ದ ಒಂದು ರೂಪಾಯಿ ನಾಣ್ಯವನ್ನು ‘ಪ್ರೂಫ್’ ಎಂದು ನಂಬಿ, ಎರಡು ವಾರದ ಬಸ್ಸಿನ ದುಡ್ಡು ಕೊಟ್ಟು ತಂದೆ. ಅದು ಬರೀ ಪಾಲಿಶ್ ಹೊಡೆದ ಹಳೇ ನಾಣ್ಯ.

ಪ್ರೂಫ್ ಎಂದರೆ ಹೊಳಪಲ್ಲ, ತಯಾರಿಸುವ ವಿಧಾನ. ನಯಗೊಳಿಸಿದ ಬಿಲ್ಲೆಯನ್ನು ನಯಗೊಳಿಸಿದ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಹಿನ್ನೆಲೆ ಕನ್ನಡಿಯಾಗುತ್ತದೆ, ಅಕ್ಷರಗಳ ಅಂಚು ಚೂಪಾಗಿರುತ್ತದೆ. ಉಜ್ಜಿ ಹೊಳಪಿಸಿದ್ದರಲ್ಲಿ ಅಂಚು ಸವೆದಿರುತ್ತದೆ, ಭೂತಗನ್ನಡಿ ಹಿಡಿದರೆ ಸಣ್ಣ ಗೀರುಗಳೂ ಕಾಣುತ್ತವೆ. ಇನ್ನೊಂದು ಗುರುತು: ಮುಂಬಯಿ ಟಂಕಸಾಲೆಯ ಪ್ರೂಫ್ ನಾಣ್ಯಗಳಲ್ಲಿ 1969ರಿಂದ 1995ರವರೆಗೆ ಇಂಗ್ಲಿಷಿನ ‘ಬಿ’, 1996ರಿಂದ ‘ಎಂ’ ಅಕ್ಷರ ಇರುತ್ತದೆ. ನನ್ನದರಲ್ಲಿ ಇದ್ದದ್ದು ಚಲಾವಣೆ ನಾಣ್ಯದ ವಜ್ರಾಕಾರ!

ಈಗ ನಾನು ಟೈಪ್ ಸೆಟ್ ಕೂಡಿಸುತ್ತಿದ್ದೇನೆ. ಅಂದರೆ ಒಂದೊಂದು ವಿನ್ಯಾಸಕ್ಕೆ ಒಂದೇ ನಾಣ್ಯ, ಇಸವಿ ಯಾವುದಾದರೂ ಆದೀತು. ನಮ್ಮಂಥವರಿಗೆ ಅನುಕೂಲ ಇರುವುದು ಇಲ್ಲೇ. 1950ರ ಮೊದಲ ಸೆಟ್ ಕೈಗೆಟುಕದು, ಬಿಡಿ. ಒಡೆದ ಸೆಟ್‌ಗಳ ಬಿಡಿ ನಾಣ್ಯ ಕೇಳಿ: ಚೌಕದ ಒಂದು ಪೈಸೆ, ಹೂವಿನಂಚಿನ ಎರಡು ಪೈಸೆ, ಆರು ಮೂಲೆಯ ಮೂರು ಪೈಸೆ, ಎಲ್ಲವೂ ಅಲ್ಯುಮಿನಿಯಂ. ಚಿಕ್ಕ ಕಲೆ ಇದ್ದರೆ ಚೌಕಾಸಿ ಮಾಡಿ. ಆದರೆ ಮನೆಗೆ ತಂದು ತೊಳೆಯಬೇಡಿ.

ಮೊನ್ನೆ ಪ್ರಥಮ ಪಿಯುಸಿಯ ಹುಡುಗನೊಬ್ಬ ಆ ರೂಪಾಯಿ ನೋಡಿ, ನಾನು ಕೊಟ್ಟಷ್ಟೇ ಬೆಲೆಗೆ ಕೇಳಿದ. ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ಭೂತಗನ್ನಡಿಯನ್ನು ಅವನ ಕೈಗಿತ್ತೆ. ನಾಣ್ಯ ನನ್ನ ಪೆನ್ಸಿಲ್ ಡಬ್ಬಿಯಲ್ಲೇ ಇದೆ.